ಎಂಜಿನ್ ಬದಲಾಯಿತು, ನೀರಿನ ದಾರಿ ಬದಲಾಗಲಿಲ್ಲ

ಎಂಜಿನ್ ಬದಲಾಯಿಸಿದ ಜೀಪು ಹೀಟ್ ಆಗ್ತಿದೆ ಅಂತ ನಮ್ಮ ಕಡೆ ಯಾರ ಹತ್ತಿರ ಹೇಳಿದರೂ ಸಿಗುವ ಉತ್ತರ ಒಂದೇ. "ದೊಡ್ಡ ಎಂಜಿನ್ ಕೂರಿಸಿದ್ದೀರಿ, ದೊಡ್ಡ ರೇಡಿಯೇಟರ್ ಹಾಕಿಸಿ." ಆಲ್ದೂರಿನಲ್ಲಿ ಕೇಳಿದರೂ ಇದೇ ಮಾತು, ಚಿಕ್ಕಮಗಳೂರಿನಲ್ಲಿ ಕೇಳಿದರೂ ಇದೇ ಮಾತು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ನಮ್ಮ ಜೀಪಿನ ವಿಷಯದಲ್ಲಿ ಅದು ಸರಿಯಾಗಿರಲಿಲ್ಲ. ಇನ್ನೂ ಎಷ್ಟೋ ತೋಟದ ಜೀಪುಗಳ ವಿಷಯದಲ್ಲೂ ಸರಿಯಿಲ್ಲ ಅಂತ ನನಗೆ ಈಗ ಬಲವಾಗಿ ಅನಿಸುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಅಪ್ಪನದು. ಮಹೀಂದ್ರಾ ಎಂಎಂ540. ಅದರ ಜೊತೆ ಬಂದದ್ದು ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ. ಕೊಯ್ಲಿನ ಹೊತ್ತಲ್ಲಿ ಕಾಫಿ ಹಣ್ಣಿನ ಚೀಲಗಳನ್ನು ಕಣಕ್ಕೆ ತರುವುದು, ಗೊಬ್ಬರ ಸಾಗಿಸುವುದು, ಮಳೆಗಾಲದ ರಾತ್ರಿ ಕಾರ್ಮಿಕರ ಲೈನ್ ಮನೆಯಿಂದ ಯಾರನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಎಲ್ಲಕ್ಕೂ ಅದೇ. ಪಿಕಪ್ ಹತ್ತದ ಕಡೆ ಅದು ಹತ್ತುತ್ತದೆ. ಹಳೆ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಾಗ ಜೀಪನ್ನು ಗುಜರಿಗೆ ಹಾಕುವ ಮಾತೇ ಮನೆಯಲ್ಲಿ ಬರಲಿಲ್ಲ. ಗುಜರಿಯಲ್ಲಿ ಒಂದು 2.5 ಲೀಟರ್ ಡಿಐ (ಡೀಸೆಲ್ ನೇರ ಸಿಲಿಂಡರ್‌ಗೇ ಬೀಳುವ) ಎಂಜಿನ್ ನೋಡಿ, ತಂದು, ಅದು ಕೂರುವ ಮೌಂಟ್ ವೆಲ್ಡ್ ಮಾಡಿಸಿ ಕೂರಿಸಲಾಯಿತು.

ಇಲ್ಲಿ ಒಂದು ಮಾತು. ಎಂಜಿನ್ ಬದಲಿಸುವುದು ಗ್ಯಾರೇಜಿನ ಕೆಲಸ ಮಾತ್ರ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಸೇರಬೇಕು. ತೋಟದೊಳಗೆ ಮಾತ್ರ ಓಡುವ ಗಾಡಿ ತಾನೇ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಒಂದು ದಿನ ರಸ್ತೆಗೆ ಇಳಿದೇ ಇಳಿಯುತ್ತದೆ. ಆಗ ಅಪಘಾತ ಆದರೆ ಇನ್ಶೂರೆನ್ಸ್ ತಗಾದೆ ಶುರುವಾಗುತ್ತದೆ. ಗಾಡಿಯ ಮೇಲೆ ಪ್ರೀತಿ ಇದ್ದವರು ಕಾಗದವನ್ನೂ ಸರಿ ಇಟ್ಟುಕೊಳ್ಳಬೇಕು.

ಕೆಲಸ ಮುಗಿದು ಜೀಪು ಮನೆಗೆ ಬಂದದ್ದು ಮಳೆಗಾಲದಲ್ಲಿ. ಜುಲೈ, ಆಗಸ್ಟ್ ತಿಂಗಳಲ್ಲಿ ಮಲೆನಾಡಿನಲ್ಲಿ ಯಾವ ಗಾಡಿಯೂ ಬಿಸಿಯಾಗುವುದಿಲ್ಲ. ಗಾಳಿ ತಣ್ಣಗಿರುತ್ತದೆ, ರೇಡಿಯೇಟರ್ ಮೇಲೆ ಮಳೆ ನೀರು ಚಿಮ್ಮುತ್ತಲೇ ಇರುತ್ತದೆ, ತೋಟದಲ್ಲಿ ಭಾರ ಹೊರುವ ಕೆಲಸವೂ ಕಡಿಮೆ. ಎಲ್ಲರಿಗೂ ಖುಷಿ. ಡಿಸೆಂಬರ್ ಬಂತು, ಅರೇಬಿಕಾ ಕೊಯ್ಲು ಶುರುವಾಯಿತು, ಹಿಂದೆ ಚೀಲ ತುಂಬಿಕೊಂಡು ಲೋ ಗೇರ್‌ನಲ್ಲಿ ಏರು ಹತ್ತಬೇಕಾಯಿತು. ಆಗ ಕುದಿಯಿತು. ಮಳೆಗಾಲದಲ್ಲಿ ಎಂಜಿನ್ ಬದಲಾಯಿಸಿಕೊಂಡು "ಏನೂ ತೊಂದರೆ ಇಲ್ಲ" ಅನ್ನುವವರಿಗೆ ನಾನು ಈಗ ಹೇಳುವುದು ಇಷ್ಟೇ. ಜನವರಿಯ ಮಧ್ಯಾಹ್ನ ಭಾರ ಹಾಕಿ ಒಂದು ಏರು ಹತ್ತಿಸಿ ನೋಡಿ, ಆಮೇಲೆ ಮಾತಾಡೋಣ.

ಹಾಗಾದರೆ "ದೊಡ್ಡ ಎಂಜಿನ್" ಅನ್ನುವ ವಾದದಲ್ಲಿ ತಪ್ಪೇನು? ಡೀಸೆಲ್ ಉರಿದಾಗ ಬರುವ ಶಾಖದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀರಿಗೆ ಬರುತ್ತದೆ. ಹಳೆ ಪ್ಯೂಜೋ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್‌ನೊಳಗಿನ ಒಂದು ಸಣ್ಣ ಕೋಣೆಯಲ್ಲಿ ಉರಿ ಹೊತ್ತಿಕೊಂಡು, ಒಂದು ಕಿರಿದಾದ ಬಾಯಿಯಿಂದ ಸಿಲಿಂಡರ್‌ಗೆ ನುಗ್ಗುತ್ತದೆ. ಆ ಕೋಣೆಯ ಗೋಡೆಗಳು ತುಂಬಾ ಶಾಖ ಕುಡಿಯುತ್ತವೆ, ಅದೆಲ್ಲ ನೀರಿಗೆ ಸೇರುತ್ತದೆ. ಡಿಐ ಎಂಜಿನ್‌ನಲ್ಲಿ ಈ ಕೋಣೆಯೇ ಇಲ್ಲ. ಅಂದರೆ ಅಷ್ಟೇ ಭಾರ ಎಳೆಯುವುದಕ್ಕೆ ಡಿಐ ಎಂಜಿನ್ ನೀರಿಗೆ ಕೊಡುವ ಶಾಖ ಕಡಿಮೆ. ನಮ್ಮ ತೋಟದ ಏರು ಬದಲಾಗಿರಲಿಲ್ಲ, ಚೀಲಗಳ ಭಾರ ಬದಲಾಗಿರಲಿಲ್ಲ, ಹತ್ತುವ ವೇಗವೂ ಅದೇ. ಅದೇ ರೇಡಿಯೇಟರ್ ಹಳೆ ಎಂಜಿನ್ನನ್ನು ಇಷ್ಟು ವರ್ಷ ತಣ್ಣಗೆ ಇಟ್ಟಿತ್ತು. ಹೊಸದನ್ನು ಯಾಕೆ ಇಡಬಾರದು?

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತ ಮೇಲೆ ದೊಡ್ಡ ರೇಡಿಯೇಟರ್ ಆಸೆ ಬಿಟ್ಟೆ. ಬದಲಾದದ್ದು ಏನು ಅಂತ ಹುಡುಕಲು ಶುರು ಮಾಡಿದೆ.

ಮೊದಲ ಅನುಮಾನ ಮೀಟರ್ ಮೇಲೆ. ಡ್ಯಾಶ್‌ಬೋರ್ಡ್‌ನಲ್ಲಿ ಇರುವುದು ಹಳೆ ಗಾಡಿಯ ಟೆಂಪರೇಚರ್ ಮೀಟರ್. ಎಂಜಿನ್‌ನಲ್ಲಿ ಇರುವುದು ಬೇರೆ ಗಾಡಿಯ ಸೆನ್ಸರ್. ಸೆನ್ಸರ್ ಬಿಸಿಯಾದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಆ ಇಳಿತವನ್ನು ನೋಡಿ ಮುಳ್ಳು ಏರುತ್ತದೆ. ಎಷ್ಟು ಬಿಸಿಗೆ ಎಷ್ಟು ಇಳಿಯಬೇಕು ಅನ್ನುವ ಲೆಕ್ಕ ಒಂದೊಂದು ಮೀಟರ್‌ಗೆ ಒಂದೊಂದು ಥರ. ಜೋಡಿ ತಪ್ಪಿದರೆ ತಣ್ಣಗಿರುವ ಎಂಜಿನ್ ಕೆಂಪಿಗೆ ಹೋಗಬಹುದು, ಕುದಿಯುವ ಎಂಜಿನ್ ಅರ್ಧದಲ್ಲೇ ನಿಲ್ಲಬಹುದು. ಇನ್ನೊಂದು ವಿಷಯ ಅರ್ಥಿಂಗ್. ಎಂಜಿನ್ ಇಳಿಸಿ ಹತ್ತಿಸುವಾಗ ಎಂಜಿನ್‌ಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ಸಡಿಲವಾಗಿ ಉಳಿಯುವುದು ಮಾಮೂಲು. ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ. ಮೀಟರಿನ ಮುಳ್ಳು ಜಾಗ ಬದಲಿಸಿದರೆ ಅರ್ಥಿಂಗ್ ಸರಿಯಿಲ್ಲ. ನಮ್ಮದರಲ್ಲಿ ಮುಳ್ಳು ಅಲ್ಲಾಡಿತು. ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿದ ಮೇಲೆ ಮುಳ್ಳು ಸ್ವಲ್ಪ ಕೆಳಗೆ ಬಂತು. ಆದರೂ ಮೀಟರನ್ನು ನಂಬುವ ಹಾಗಿರಲಿಲ್ಲ.

ಹಾಗಾಗಿ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕಾಯಿತು. ತೋಟದಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಸ್ಪ್ಯಾನರ್ ಸೆಟ್‌ನಷ್ಟೇ ಅಗತ್ಯವಾದ ವಸ್ತು ಇದು ಅಂತ ನನ್ನ ಅಭಿಪ್ರಾಯ. ಒಂದೇ ಎಚ್ಚರಿಕೆ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಹೆಡ್‌ನಿಂದ ಬಿಸಿ ನೀರು ಹೊರಡುವ ಕಡೆ ಇರುವ ಥರ್ಮೋಸ್ಟಾಟ್ (ಬಿಸಿ ನೋಡಿ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಹೌಸಿಂಗ್ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಬೇಕು. ಹಿಡಿದು ನೋಡಿದಾಗ ಅನುಮಾನ ಉಳಿಯಲಿಲ್ಲ. ಮೀಟರ್ ಸುಳ್ಳು ಹೇಳುತ್ತಿತ್ತು ನಿಜ, ಆದರೆ ಎಂಜಿನ್ ಬಿಸಿಯಾಗುತ್ತಿದ್ದುದೂ ನಿಜ.

ಯಾವಾಗ ಬಿಸಿಯಾಗುತ್ತದೆ? ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಪೇಟೆಯಲ್ಲಿ ನಿಂತು ನಿಂತು ಹೋಗುವಾಗ ಬಿಸಿಯಾಗಿ, ರಸ್ತೆಯಲ್ಲಿ ಓಡಿದಾಗ ಇಳಿದರೆ ಗಾಳಿಯ ಕಡೆ ನೋಡಬೇಕು. ಫ್ಯಾನ್, ಅದರ ಸುತ್ತಲಿನ ಮುಚ್ಚಿಗೆ, ರೇಡಿಯೇಟರ್ ರೆಕ್ಕೆಗಳ ನಡುವಿನ ಕಸ. ಓಡುವಾಗಲೇ ಬಿಸಿಯಾದರೆ ನೀರಿನ ಕಡೆ ನೋಡಬೇಕು. ಪಂಪು, ಹೋಸ್, ಒಳಗೆ ಕಟ್ಟಿದ ರೇಡಿಯೇಟರ್. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಲ್ಲೇ, ನೀರು ಇನ್ನೂ ಬೆಚ್ಚಗಾಗುವ ಮುಂಚೆಯೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗಿ, ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್‌ಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕು. ನಮ್ಮ ಜೀಪು ಬೇಲೂರು ರಸ್ತೆಯಲ್ಲಿ ಆರಾಮಾಗಿ ಓಡುತ್ತಿತ್ತು. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಏರುತ್ತಿತ್ತು. ತೋಟದೊಳಗಿನ ಏರಿನಲ್ಲಿ ಭಾರ ಇದ್ದರೆ ಕುದಿಯುತ್ತಿತ್ತು.

ತೋಟದ ಜೀಪಿನ ಕಷ್ಟ ಬೇರೆಯೇ. ಗಾಡಿ ನಡೆಯುವ ವೇಗದಲ್ಲಿ ಹೋಗುತ್ತಿರುತ್ತದೆ, ಎದುರಿನಿಂದ ಗಾಳಿಯೇ ಬರುವುದಿಲ್ಲ. ಆದರೆ ಎಂಜಿನ್ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ. ಹೈವೇಯಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ, ಫ್ಯಾನ್ ಇಲ್ಲದಿದ್ದರೂ ಬಹುಮಟ್ಟಿಗೆ ನಡೆಯುತ್ತದೆ. ಇಲ್ಲಿ ಎಲ್ಲ ಭಾರ ಫ್ಯಾನ್ ಮೇಲೆ. ಅದಕ್ಕೇ ಬಯಲುಸೀಮೆಯಲ್ಲಿ ಚೆನ್ನಾಗಿ ಓಡಿದ ಇಂಥದೇ ಗಾಡಿ ಇಲ್ಲಿ ಬಂದು ಕುದಿಯುತ್ತದೆ.

ರೇಡಿಯೇಟರ್‌ನ ಮೇಲೆ, ಕೆಳಗೆ ಎರಡೂ ಕಡೆ ಬಿಸಿ ಅಳೆದೆ. ಮೇಲೂ ಬಿಸಿ, ಕೆಳಗೂ ಬಿಸಿ ಇದ್ದರೆ ನೀರು ಹರಿಯುತ್ತಿದೆ, ಆದರೆ ಗಾಳಿ ಶಾಖವನ್ನು ತೆಗೆದುಕೊಂಡು ಹೋಗುತ್ತಿಲ್ಲ ಅಂತ. ಮೇಲೆ ಕುದಿ, ಕೆಳಗೆ ತಣ್ಣಗೆ ಇದ್ದರೆ ನೀರೇ ಸರಿಯಾಗಿ ಹರಿಯುತ್ತಿಲ್ಲ ಅಂತ. ನಮ್ಮದರಲ್ಲಿ ಮೊದಲು ಸಿಕ್ಕಿದ್ದು ಮೇಲೂ ಬಿಸಿ, ಕೆಳಗೂ ಬಿಸಿ. ಬಾನೆಟ್ ಎತ್ತಿ ಪಕ್ಕದಿಂದ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಹೊಸ ಎಂಜಿನ್‌ನ ತಳದ ಆಯಿಲ್ ಪಾತ್ರೆ, ಅಂದರೆ ಸಂಪ್, ಮುಂದಿನ ಆಕ್ಸಲ್‌ಗೆ ತಾಗಬಾರದು ಅಂತ ಎಂಜಿನ್ನನ್ನು ಸ್ವಲ್ಪ ಮೇಲೆ, ಸ್ವಲ್ಪ ಹಿಂದೆ ಕೂರಿಸಿದ್ದರು. ಫೋರ್ ವೀಲ್ ಜೀಪಿನಲ್ಲಿ ಇದು ಅನಿವಾರ್ಯ. ಹಳ್ಳ ಹಾರಿದಾಗ ಡಿಫರೆನ್ಷಿಯಲ್ ಮೇಲೆ ಬಂದು ಸಂಪ್‌ಗೆ ಬಡಿಯಬಾರದಲ್ವಾ. ಆದರೆ ಅದರ ಜೊತೆಗೆ ಪಂಪಿನ ಮುಂದಿನ ಫ್ಯಾನ್ ಕೂಡ ಮೇಲೆ ಹೋಯಿತು, ಹಿಂದೆ ಹೋಯಿತು. ಹಳೆ ಮುಚ್ಚಿಗೆ ಹೊಂದಲಿಲ್ಲ, ತೆಗೆದು ಇಟ್ಟರು. ಈಗ ಫ್ಯಾನ್ ರೇಡಿಯೇಟರ್‌ನಿಂದ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಗ್ರಿಲ್ ಮುಂದೆ ಒಂದು ಹಾಳೆ ನ್ಯೂಸ್ ಪೇಪರ್ ಹಿಡಿದರೆ ಮೇಲಿನ ಅರ್ಧಕ್ಕೆ ಅಂಟಿಕೊಳ್ಳುತ್ತಿತ್ತು, ಕೆಳಗಿನ ಅರ್ಧ ಸುಮ್ನೆ ನೇತಾಡುತ್ತಿತ್ತು.

ತಗಡಿನ ಕೆಲಸದವರೊಬ್ಬರು ಜಿಐ ಶೀಟ್ ಕತ್ತರಿಸಿ ಹೊಸ ಮುಚ್ಚಿಗೆ ಮಾಡಿಕೊಟ್ಟರು. ಫ್ಯಾನ್ ರೆಕ್ಕೆ ಅರ್ಧ ಮುಚ್ಚಿಗೆಯ ಒಳಗೆ, ಅರ್ಧ ಹೊರಗೆ ಇರಬೇಕು. ತುದಿಗೂ ತಗಡಿಗೂ ನಡುವೆ ಸುಮಾರು ಒಂದು ಇಂಚು ಸಾಕು. ಜಾಸ್ತಿ ಬಿಟ್ಟರೆ ಗಾಳಿ ಹಿಂದಕ್ಕೆ ಸೋರುತ್ತದೆ. ಕಡಿಮೆ ಬಿಟ್ಟರೆ ಎಂಜಿನ್ ಅಲ್ಲಾಡಿದಾಗ ತಾಗುತ್ತದೆ. ಅವರು ಪೇಪರ್ ಮೇಲೆ ಗೆರೆ ಹಾಕಿಕೊಳ್ಳದೆ, ಕೈಯಲ್ಲೇ ಅಳತೆ ಹಿಡಿದು ಮಾಡಿದ ರೀತಿ ನನಗೆ ಬಹಳ ಇಷ್ಟವಾಯಿತು. ಇಂಥ ಕೈಗಳು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿವೆ. ಹಿತ್ತಾಳೆ, ತಾಮ್ರದ ರೇಡಿಯೇಟರ್ ಬಿಚ್ಚಿ, ಒಳಗೆ ಸರಳು ಹಾಕಿ ಶುಚಿ ಮಾಡಿ, ಮತ್ತೆ ಬೆಸುಗೆ ಹಾಕುವವರು ಮೊದಲು ಪೇಟೆಗೆ ನಾಲ್ಕಾರು ಜನ ಇರುತ್ತಿದ್ದರು. ಈಗ ಅಲ್ಯೂಮಿನಿಯಂ, ಪ್ಲಾಸ್ಟಿಕ್ ರೇಡಿಯೇಟರ್ ಬಂದು ಬೆಸುಗೆಯ ಕೆಲಸವೇ ಇಲ್ಲವಾಗುತ್ತಿದೆ. ಹಳೆ ಜೀಪು ಉಳಿಯಬೇಕಾದರೆ ಈ ಕೈಗಳೂ ಉಳಿಯಬೇಕು.

ಮುಚ್ಚಿಗೆ ಕೂತ ಮೇಲೆ ಬಹಳ ಸುಧಾರಿಸಿತು. ಕುದಿ ಮಾತ್ರ ಪೂರ್ತಿ ನಿಲ್ಲಲಿಲ್ಲ. ಈಗ ಅಳೆದರೆ ಲೆಕ್ಕ ಬೇರೆ ಬಂತು. ಹೆಡ್‌ನಿಂದ ನೀರು ಹೊರಡುವ ಕಡೆ ವಿಪರೀತ ಬಿಸಿ, ರೇಡಿಯೇಟರ್ ಕೆಳಗೆ ತಣ್ಣಗೆ. ಅಂದರೆ ಗಾಳಿಯ ಕೆಲಸ ಮುಗಿದಿದೆ, ಇನ್ನು ನೀರಿನದು.

ಥರ್ಮೋಸ್ಟಾಟ್ ಬಿಚ್ಚಲು ಹೋದರೆ ಅಲ್ಲಿ ಥರ್ಮೋಸ್ಟಾಟೇ ಇಲ್ಲ. ಎಂಜಿನ್ ಕೂರಿಸಿದಾಗಲೇ ತೆಗೆದಿದ್ದರು. "ವಾಲ್ವ್ ತೆಗೆದು ಬಿಸಾಕಿ, ನೀರು ಫ್ರೀಯಾಗಿ ಓಡ್ಲಿ" ಅನ್ನುವುದು ನಮ್ಮ ಕಡೆ ಎಷ್ಟು ಹಳೆಯ ಮದ್ದು ಅಂದರೆ ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ನಾನು ಇದನ್ನು ಪ್ರಶ್ನೆ ಮಾಡಲೇಬೇಕು ಅಂತ ಇದ್ದೇನೆ.

ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಆದರೆ ಪಂಪ್ ತಿರುಗುತ್ತಿರುವುದರಿಂದ ನೀರು ಎಲ್ಲಾದರೂ ಹೋಗಬೇಕು. ಅದಕ್ಕೆ ಒಂದು ಅಡ್ಡದಾರಿ ಇದೆ, ಬೈಪಾಸ್. ಹೆಡ್‌ನಿಂದ ಹೊರಟ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್ ಮೂಲಕ ಸೀದಾ ಪಂಪಿಗೆ ವಾಪಸ್ ಬರುತ್ತದೆ, ಎಂಜಿನ್ ಬೇಗ ಬೆಚ್ಚಗಾಗುತ್ತದೆ. ಬಿಸಿ 82 ಡಿಗ್ರಿ ಹತ್ತಿರ ಬಂದಾಗ ವಾಲ್ವ್ ತೆರೆಯಲು ಶುರುವಾಗಿ, 95ರ ಹೊತ್ತಿಗೆ ಪೂರ್ತಿ ತೆರೆಯುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಅದೇ ಥರ್ಮೋಸ್ಟಾಟ್‌ನ ಕೆಳಗೆ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ಬಾಯಿ ತೆರೆದ ಹಾಗೆ ಈ ಬಿಲ್ಲೆ ಬೈಪಾಸ್ ಬಾಯಿಯನ್ನು ಮುಚ್ಚುತ್ತದೆ. ಒಂದೇ ವಾಲ್ವ್ ಎರಡು ಕೆಲಸ ಮಾಡುತ್ತದೆ. ಅದನ್ನು ಕಿತ್ತು ಬಿಸಾಕಿದರೆ ರೇಡಿಯೇಟರ್ ದಾರಿ ತೆರೆಯಿತು ನಿಜ, ಬೈಪಾಸ್ ದಾರಿಯೂ ಸದಾ ತೆರೆದೇ ಉಳಿಯಿತು. ನೀರಿಗೆ ಯಾವ ದಾರಿ ಸಲೀಸೋ ಆ ದಾರಿ. ರೇಡಿಯೇಟರ್‌ನ ಸಣ್ಣ ಸಣ್ಣ ಕೊಳವೆಗಳಲ್ಲಿ ತೂರುವುದಕ್ಕಿಂತ ಬೈಪಾಸ್‌ನಲ್ಲಿ ಹೋಗುವುದು ಸುಲಭ. ಹಾಗಾಗಿ ಕುದಿಯುವ ನೀರಿನಲ್ಲಿ ಒಂದು ದೊಡ್ಡ ಪಾಲು ತಣ್ಣಗಾಗದೆಯೇ ಎಂಜಿನ್‌ಗೆ ಮರಳುತ್ತದೆ. ಬಿಸಿ ಕಡಿಮೆ ಮಾಡಲು ಮಾಡಿದ ಕೆಲಸ ಬಿಸಿ ಹೆಚ್ಚಿಸುತ್ತದೆ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಕೆಟ್ಟ ಮುಖ ಇದೆ. ವಾಲ್ವ್ ಇಲ್ಲದ ಎಂಜಿನ್ ಬೆಚ್ಚಗೇ ಆಗುವುದಿಲ್ಲ. ತಣ್ಣಗೆ ಓಡುವ ಡೀಸೆಲ್ ಎಂಜಿನ್ ಜಾಸ್ತಿ ಡೀಸೆಲ್ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಲೈನರ್ ಬೇಗ ಸವೆಯುತ್ತದೆ. ಇದು ಕುದಿಯುವುದರಷ್ಟು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಹೊಸ ಥರ್ಮೋಸ್ಟಾಟ್ ತಂದು ಮೊದಲು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಟ್ಟು, ವಾಲ್ವನ್ನು ದಾರದಲ್ಲಿ ತಳಕ್ಕೆ ತಾಗದ ಹಾಗೆ ಇಳಿಬಿಟ್ಟರೆ ಯಾವಾಗ ಬಾಯಿ ಬಿಡುತ್ತದೆ ಅಂತ ಕಾಣುತ್ತದೆ. ಹೊಸದು ಅಂತ ನಂಬಿ ಹಾಕಬಾರದು.

ಅದನ್ನು ಹಾಕಿದ ಮೇಲೂ ಒಂದು ವಿಚಿತ್ರ ಉಳಿಯಿತು. ಏರು ಹತ್ತುವಾಗ ಮುಳ್ಳು ಒಮ್ಮೆಲೇ ಕೆಳಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಜಿಗಿದು ಕೆಂಪಿಗೆ ಹೋಗುತ್ತಿತ್ತು. ಎಂಜಿನ್ ಆಫ್ ಮಾಡಿದರೆ ಬಾನೆಟ್ ಒಳಗೆ ಗುಳುಗುಳು ಸದ್ದು. ಬಟ್ಟೆ ಹಿಡಿದು ಮೇಲಿನ ಹೋಸ್ ಒತ್ತಿದರೆ ಒಳಗೆ ಟೊಳ್ಳು. ಅಪ್ಪ ಆ ಸದ್ದು ಕೇಳಿ, "ಒಳಗೆ ಗಾಳಿ ಸಿಕ್ಕಾಕ್ಕೊಂಡಿದೆ" ಅಂದರು. ಅವರು ಹೇಳಿದ್ದೇ ಸರಿ.

ಒಂದು ಉದ್ದನೆಯ ಪಟ್ಟಿ, ಒಂದು ಮಟ್ಟಗೋಲು ತಂದು ಇಟ್ಟು ನೋಡಿದೆ. ಥರ್ಮೋಸ್ಟಾಟ್ ಹೌಸಿಂಗ್ ರೇಡಿಯೇಟರ್ ಬಾಯಿಗಿಂತ ಎತ್ತರದಲ್ಲಿದೆ! ಹಳೆ ಎಂಜಿನ್ ಇದ್ದಾಗ ಇಡೀ ಗಾಡಿಯಲ್ಲಿ ನೀರಿನ ಅತಿ ಎತ್ತರದ ಜಾಗ ರೇಡಿಯೇಟರ್ ಬಾಯಿಯೇ ಆಗಿತ್ತು. ಅಲ್ಲಿ ನೀರು ಹಾಕಿದರೆ ಗಾಳಿಯೆಲ್ಲ ತಾನಾಗಿ ಮೇಲೆ ಬಂದು ಹೊರಗೆ ಹೋಗುತ್ತಿತ್ತು. ಈಗ ಎಂಜಿನ್ ಮೇಲೆ ಕೂತಿದೆ. ರೇಡಿಯೇಟರ್ ಬಾಯಿ ತನಕ ನೀರು ತುಂಬಿಸಿದರೂ ಹೆಡ್‌ನ ಮೇಲಿನ ಭಾಗದಲ್ಲಿ ಗಾಳಿ ಉಳಿದೇ ಇರುತ್ತದೆ. ಅದಕ್ಕೆ ಹೊರಗೆ ಹೋಗಲು ಜಾಗವೇ ಇಲ್ಲ. ಎಂಜಿನ್ ಬದಲಾಗಿತ್ತು, ನೀರಿನ ದಾರಿ ಮಾತ್ರ ಹಳೆ ಎಂಜಿನ್‌ಗೆ ಹೊಂದುವ ಹಾಗೇ ಉಳಿದಿತ್ತು. ನಮ್ಮ ಎಲ್ಲ ತೊಂದರೆಯ ಬೇರು ಇಲ್ಲೇ ಇತ್ತು.

ಗಾಳಿ ಯಾಕೆ ಅಷ್ಟು ಅಪಾಯ? ಲೋಹದಿಂದ ಶಾಖ ತೆಗೆಯುವುದರಲ್ಲಿ ನೀರಿನ ಮುಂದೆ ಗಾಳಿ, ಹಬೆ ಲೆಕ್ಕಕ್ಕೇ ಇಲ್ಲ. ಗಾಳಿ ನಿಂತ ಜಾಗದಲ್ಲಿ ಹೆಡ್ ಕಾಯುತ್ತಲೇ ಹೋಗುತ್ತದೆ. ಅಲ್ಲಿಗೆ ಬಂದ ಸ್ವಲ್ಪ ನೀರು ಹಬೆಯಾಗುತ್ತದೆ, ಗಾಳಿಯ ಗುಳ್ಳೆ ಇನ್ನೂ ದೊಡ್ಡದಾಗುತ್ತದೆ. ಸೆನ್ಸರ್ ಕೂಡ ಅದೇ ಜಾಗದಲ್ಲಿ ಇದ್ದರೆ ಇನ್ನೂ ಮೋಸ. ಅದು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ಗಾಳಿಯಲ್ಲಿ ನೇತಾಡುವಾಗ ಕಡಿಮೆ ತೋರಿಸುತ್ತದೆ. ಅಂದರೆ ಹೆಡ್ ಸುಡುತ್ತಿರುವ ಹೊತ್ತಿಗೇ ಮುಳ್ಳು ಕೆಳಗೆ ಬೀಳುತ್ತದೆ, ಡ್ರೈವರ್ ನಿರಾಳವಾಗುತ್ತಾನೆ. ಹೆಡ್ ಬಾಗುವುದು, ಗ್ಯಾಸ್ಕೆಟ್ ಹೋಗುವುದು ಇಂಥ ಹೊತ್ತಲ್ಲೇ. ಏರಿನಲ್ಲಿ ಮೀಟರ್ ದಿಢೀರ್ ಇಳಿದರೆ ಖುಷಿ ಪಡಬೇಡಿ, ಗಾಡಿ ನಿಲ್ಲಿಸಿ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಅವತ್ತೇ ಜೀಪನ್ನು ಕಣದ ಪಕ್ಕದ ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆವು. ಹಾಗೆ ನಿಂತರೆ ರೇಡಿಯೇಟರ್ ಬಾಯಿ ಮತ್ತೆ ಎತ್ತರಕ್ಕೆ ಬರುತ್ತದೆ. ತಣ್ಣನೆಯ ಎಂಜಿನ್‌ಗೆ ನೀರು ಹಾಕುತ್ತಾ, ಹೋಸ್ ಒತ್ತುತ್ತಾ ಹೋದರೆ ಬುಳಬುಳ ಅಂತ ಗಾಳಿ ಹೊರಬಂತು. ತುಂಬಿದೆ ಅಂತ ಅಂದುಕೊಂಡಿದ್ದ ರೇಡಿಯೇಟರ್ ಒಂದು ಲೀಟರ್‌ಗಿಂತ ಜಾಸ್ತಿ ನೀರು ಕುಡಿಯಿತು.

ಆದರೆ ಇದು ತಾತ್ಕಾಲಿಕ. ಖಾಯಂ ಪರಿಹಾರಕ್ಕೆ ನೀರಿನ ದಾರಿಯನ್ನೇ ಹೊಸ ಎಂಜಿನ್‌ಗೆ ಹೊಂದಿಸಬೇಕಾಯಿತು. ಈಚಿನ ಕಾರುಗಳಲ್ಲಿ ಇರುವಂಥ ಪ್ಲಾಸ್ಟಿಕ್ ಎಕ್ಸ್‌ಪಾನ್ಷನ್ ಟ್ಯಾಂಕ್ ಒಂದನ್ನು ಹೆಡ್‌ಗಿಂತ ಎತ್ತರದಲ್ಲಿ, ಡ್ಯಾಶ್‌ಬೋರ್ಡ್ ಹಿಂದಿನ ಗೋಡೆಗೆ ಬೋಲ್ಟ್ ಮಾಡಿದೆವು. ಥರ್ಮೋಸ್ಟಾಟ್ ಹೌಸಿಂಗ್‌ನ ನೆತ್ತಿಯಿಂದ ಒಂದು ಸಣ್ಣ ಹೋಸ್, ರೇಡಿಯೇಟರ್ ಮೇಲ್ಭಾಗದಿಂದ ಇನ್ನೊಂದು ಸಣ್ಣ ಹೋಸ್ ಆ ಟ್ಯಾಂಕಿನ ಮೇಲಕ್ಕೆ. ಟ್ಯಾಂಕಿನ ತಳದಿಂದ ಒಂದು ದಪ್ಪ ಹೋಸ್ ಪಂಪು ಎಳೆಯುವ ಕಡೆಗೆ. ಪ್ರೆಶರ್ ಕ್ಯಾಪ್ ಈಗ ಟ್ಯಾಂಕಿನ ಮೇಲೆ. ರೇಡಿಯೇಟರ್ ಬಾಯಿಗೆ ಬರೀ ಮುಚ್ಚಳ. ಗಾಳಿ ಎಲ್ಲಿ ಹುಟ್ಟಿದರೂ ಸಣ್ಣ ಹೋಸ್‌ನಲ್ಲಿ ಹತ್ತಿ ಟ್ಯಾಂಕ್ ಸೇರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ನೀರು ಬರುತ್ತದೆ. ಎಂಜಿನ್ ತನ್ನ ಗಾಳಿಯನ್ನು ತಾನೇ ಹೊರಹಾಕುತ್ತದೆ. ಇದಕ್ಕೆ ಹೊಸ ರೇಡಿಯೇಟರ್‌ನಷ್ಟು ಖರ್ಚೂ ಆಗಲಿಲ್ಲ.

ಕ್ಯಾಪ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗುಡ್ಡದ ಊರಿನವರಿಗೆ ಇದು ಬಯಲಿನವರಿಗಿಂತ ಮುಖ್ಯ. ಎತ್ತರಕ್ಕೆ ಹೋದ ಹಾಗೆ ನೀರು ಬೇಗ ಕುದಿಯುತ್ತದೆ. ಹೆಚ್ಚುಕಮ್ಮಿ 300 ಮೀಟರ್‌ಗೆ ಒಂದು ಡಿಗ್ರಿ. ಚಿಕ್ಕಮಗಳೂರು ಪೇಟೆ ಸಾವಿರ ಮೀಟರ್ ದಾಟಿದ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮುಳ್ಳಯ್ಯನಗಿರಿ ಸುಮಾರು 1930 ಮೀಟರ್, ಅಲ್ಲಿ 94ರ ಹತ್ತಿರ. ಈಗ ಥರ್ಮೋಸ್ಟಾಟ್ ಲೆಕ್ಕ ನೆನಪಿಸಿಕೊಳ್ಳಿ, ಪೂರ್ತಿ ತೆರೆಯುವುದು 95ಕ್ಕೆ. ಅಂದರೆ ಕ್ಯಾಪ್ ಸೋರುತ್ತಿದ್ದರೆ ಗಿರಿಯ ಮೇಲೆ ವಾಲ್ವ್ ಪೂರ್ತಿ ಬಾಯಿ ಬಿಡುವ ಮುಂಚೆಯೇ ನೀರು ಕುದಿಯುತ್ತದೆ! ಎಂಜಿನ್‌ನಲ್ಲಿ ಯಾವ ದೋಷ ಇಲ್ಲದಿದ್ದರೂ ಕುದಿಯುತ್ತದೆ.

ಇದನ್ನು ತಡೆಯುವುದೇ ಕ್ಯಾಪ್. ಕುಕ್ಕರ್‌ನ ವೆಯ್ಟ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಸಿಯನ್ನು ಮೇಲಕ್ಕೆ ತಳ್ಳುತ್ತದೆ. ಹಳೆಯ ಕಡಿಮೆ ಒತ್ತಡದ ಕ್ಯಾಪ್, ಅಂದರೆ 0.3 ಬಾರ್‌ನದು ಇದ್ದರೆ ಮುಳ್ಳಯ್ಯನಗಿರಿಯಲ್ಲಿ ಬರೀ ನೀರು 102 ಡಿಗ್ರಿ ಹತ್ತಿರ ಕುದಿಯುತ್ತದೆ. 0.9 ಬಾರ್ ಕ್ಯಾಪ್ ಇದ್ದರೆ 115ರ ಆಸುಪಾಸು. ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ ಇನ್ನೂ ಮೇಲೆ. ಸಣ್ಣ ರಬ್ಬರ್ ವಾಷರ್ ಒಂದು ಹಳಸಿದರೆ ಇಷ್ಟೂ ಅಂತರ ಕೈಬಿಟ್ಟುಹೋಗುತ್ತದೆ. ನಮ್ಮ ಹಳೆ ಕ್ಯಾಪ್‌ನ ರಬ್ಬರ್ ಒಣಗಿ ಸೀಳಿತ್ತು. ಹಾಗಂತ ಹಳೆ ರೇಡಿಯೇಟರ್‌ಗೆ ಸಿಕ್ಕಾಪಟ್ಟೆ ಒತ್ತಡದ ಕ್ಯಾಪ್ ಹಾಕಬಾರದು, ಹಿತ್ತಾಳೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೊದಲು ರೇಡಿಯೇಟರ್ ಪ್ರೆಶರ್ ಟೆಸ್ಟ್ ಮಾಡಿಸಿ, ಅದು ತಡೆಯುವಷ್ಟು ಮಾತ್ರ. ಬಿಸಿ ಇರುವಾಗ ಕ್ಯಾಪ್ ತೆರೆಯಲೇಬೇಡಿ. ಒತ್ತಡ ಬಿಟ್ಟ ಕ್ಷಣ ಒಳಗಿನ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಘಾಟಿಯಲ್ಲಿ ಗಾಡಿ ನಿಲ್ಲಿಸಿ ಅವಸರದಲ್ಲಿ ಕ್ಯಾಪ್ ತಿರುಗಿಸುವವರನ್ನು ಕಂಡರೆ ನನಗೆ ಓಡಿಹೋಗಿ ಕೈ ಹಿಡಿಯಬೇಕು ಅನಿಸುತ್ತದೆ.

ಇನ್ನು ನೀರು. ನಮ್ಮಲ್ಲಿ ಜೀಪು ಕುದಿದರೆ ಹತ್ತಿರದ ಹಳ್ಳದಿಂದ ತಂದು ಸುರಿಯುವುದು ರೂಢಿ. ಸಿಕ್ಕಿಹಾಕಿಕೊಂಡಾಗ ಮಾಡಬೇಕಾದದ್ದೇ, ಎಂಜಿನ್ ಆರಿದ ಮೇಲೆ ನಿಧಾನಕ್ಕೆ. ಮನೆಗೆ ಬಂದ ಮೇಲೆ ಅದನ್ನು ಖಾಲಿ ಮಾಡಿ ಕೂಲಂಟ್ ಹಾಕಬೇಕು. ಹಳ್ಳದ ನೀರಿನಲ್ಲಿ ಸಣ್ಣ ಮಣ್ಣು ಇರುತ್ತದೆ. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಗಡಸು, ಅದು ಒಳಗೆ ಸುಣ್ಣ ಕಟ್ಟುತ್ತದೆ. ಗುಜರಿಯಿಂದ ಬಂದ ನಮ್ಮ ಎಂಜಿನ್‌ನ ಒಳಗಿನಿಂದ ಫ್ಲಶ್ ಮಾಡಿದಾಗ ಬಂದ ಕೆಂಪು ಕೆಸರನ್ನು ನೋಡಿದರೆ ಅದರ ಹಿಂದಿನ ಜೀವನ ಹೇಗಿತ್ತು ಅಂತ ಊಹಿಸಬಹುದಿತ್ತು. ಹಳೆ ಎಂಜಿನ್ ತಂದರೆ ಕೂರಿಸುವ ಮುಂಚೆ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ ನೀರಿನ ದಾರಿ ತೊಳೆಯಿಸಿ. ಪಂಪಿನಿಂದ ದೂರದ, ಹಿಂದಿನ ಸಿಲಿಂಡರ್ ಹತ್ತಿರವೇ ಕೆಸರು ಜಾಸ್ತಿ ಕೂರುತ್ತದೆ. ಎಂಜಿನ್ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಉಳಿದವನ್ನೂ ನೋಡಿದೆವು. ಹೆಡ್ ಗ್ಯಾಸ್ಕೆಟ್ ಪರೀಕ್ಷೆಯ ನೀಲಿ ದ್ರವ ಬಣ್ಣ ಬದಲಿಸಲಿಲ್ಲ, ಅದು ಹಸಿರು ಅಥವಾ ಹಳದಿಯಾಗಿದ್ದರೆ ಉರಿದ ಗಾಳಿ ನೀರಿಗೆ ಸೇರುತ್ತಿದೆ ಅಂತ ಅರ್ಥ. ಬ್ರೇಕ್ ಹಿಡಿದುಕೊಂಡಿರಲಿಲ್ಲ. ಡೀಸೆಲ್ ಪಂಪಿನ ಟೈಮಿಂಗ್ ಸರಿಯಿತ್ತು.

ಮುಂದಿನ ಕೊಯ್ಲಿನಲ್ಲಿ ಜೀಪು ಕುದಿಯಲಿಲ್ಲ. ರೇಡಿಯೇಟರ್ ಅದೇ ಹಳೆಯದು. ಅಪ್ಪನಿಗೆ ಈಗಲೂ ಏರು ಬಂದರೆ ಕಣ್ಣು ಮೀಟರ್ ಕಡೆ ಹೋಗುತ್ತದೆ. ಹೊಸ ಎಂಜಿನ್‌ಗೆ ಜೋಡಿಯಾಗುವ ಮೀಟರ್ ಹಾಕಿಸಿದ್ದೇವೆ, ಅದು ನಿಜ ಹೇಳುತ್ತದೆ ಅಂತ ಟೇಪಿನ ಮೇಲೆ ಅಳೆದು ತೋರಿಸಿದ್ದೇನೆ.

ಯಾರಾದರೂ ಈ ವರ್ಷ ತಮ್ಮ ಜೀಪಿಗೆ ಎಂಜಿನ್ ಬದಲಾಯಿಸುವ ಯೋಚನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಮೌಂಟ್ ವೆಲ್ಡ್ ಆಗುವ ಮುಂಚೆ, ಎಂಜಿನ್ ಇನ್ನೂ ಚೈನ್ ಬ್ಲಾಕಿನಲ್ಲಿ ತೂಗುತ್ತಿರುವಾಗಲೇ, ಗ್ಯಾರೇಜಿಗೆ ಹೋಗಿ ಥರ್ಮೋಸ್ಟಾಟ್ ಹೌಸಿಂಗ್ ಎತ್ತರ, ರೇಡಿಯೇಟರ್ ಬಾಯಿಯ ಎತ್ತರ ಎರಡನ್ನೂ ಅಳೆಯಿರಿ. ಹೌಸಿಂಗ್ ಮೇಲಿದ್ದರೆ ಟ್ಯಾಂಕ್ ಎಲ್ಲಿ ಕೂರಿಸುವುದು ಅಂತ ಅಲ್ಲೇ ನಿಂತು ಮೆಕ್ಯಾನಿಕ್ ಜೊತೆ ಮಾತಾಡಿಕೊಳ್ಳಿ. ಫ್ಯಾನ್ ರೇಡಿಯೇಟರ್‌ನ ನಡುವಿಗೆ ಬರುತ್ತದೆಯಾ ನೋಡಿ. ಕೆಳಗಿನ ಹೋಸ್‌ನ ಒಳಗೆ ಸ್ಪ್ರಿಂಗ್ ಇದೆಯಾ ಅಂತಲೂ ಕೇಳಿ, ಇಲ್ಲದಿದ್ದರೆ ಪಂಪ್ ಜೋರಾಗಿ ಎಳೆದಾಗ ಅದು ಚಪ್ಪಟೆಯಾಗುತ್ತದೆ. ನಮ್ಮ ಜೀಪಿನ ಕೆಳಗಿನ ಹೋಸ್ ಹಳೆಯದೇ ಇದೆ, ಈ ಮಳೆಗಾಲ ಮುಗಿಯುವುದರೊಳಗೆ ಅದನ್ನೂ ಬದಲಾಯಿಸಬೇಕು.